ಜುಬ್ಬದ ತೋಳು ಎಷ್ಟು ದೊಡ್ಡದಿರಬೇಕು?

ಕುಳಿತುಕೊಳ್ಳಿ, ಕುಳಿತುಕೊಳ್ಳಿ. ಹಿಂದೆ ನಿಂತವರು ಮುಂದೆ ಬನ್ನಿ. ಇಲ್ಲಿ ಚಾಪೆ ಖಾಲಿ ಬಿದ್ದಿದೆ, ಅಲ್ಲಿ ನೀವು ಬಾಗಿಲಿಗೆ ಆತುಕೊಂಡು ನಿಂತಿದ್ದೀರಿ. ದುಂಡಪ್ಪ, ನೀವು ಮಾತ್ರ ಆ ಕಂಬ ಬಿಡಬೇಡಿ. ಶ್ರಾವಣ ಶುರುವಾದಾಗಿನಿಂದ ಅದಕ್ಕೆ ಒರಗಿಯೇ ನಿದ್ದೆ ಮಾಡಿದ್ದೀರಿ, ಈಗ ಬಿಟ್ಟರೆ ಕಂಬಕ್ಕೇ ಬೇಸರವಾದೀತು.

ಇವತ್ತು ದಾನದ ವಿಷಯ ಮಾತನಾಡಬೇಕು ಎಂದುಕೊಂಡಿದ್ದೆ. ಆದರೆ ಮಧ್ಯಾಹ್ನ ಮಠಕ್ಕೆ ಒಬ್ಬ ತಾಯಿ ಬಂದರು. ಹೆಸರು ಹೇಳುವುದಿಲ್ಲ. ಇಲ್ಲೇ ಕುಳಿತಿದ್ದಾರೆ. ನೋಡಿ, ನೋಡಿ, ಹೆಸರು ಹೇಳುವುದಿಲ್ಲ ಎಂದ ಕೂಡಲೇ ಎಷ್ಟು ಕತ್ತು ತಿರುಗಿದವು! ದೇವರ ಕಡೆ ತಿರುಗಿ ಎಂದರೆ ನೋಯುವ ಕತ್ತು ನೆರೆಮನೆಯವರ ಕಡೆ ತಿರುಗಲು ನೋಯುವುದೇ ಇಲ್ಲ. ಮುಂದೆ ನೋಡಿ.

ಆ ತಾಯಿ ಬಂದವರೇ ಕಣ್ಣೊರೆಸಿಕೊಂಡರು. "ಅಜ್ಜಾರ, ನನ್ನ ಮಗಳಿಗೆ ನೀವ ಬುದ್ಧಿ ಹೇಳಬೇಕ್ರಿ. ಅಕ್ಕನ ಮದಿವಿಗೆ ಪುಗ್ಗಾ ತೋಳಿನ ಜಂಪರ ಬೇಕಂತ ಹಠಾ ಹಿಡದಾಳ. ಪ್ಯಾಟಿ ಪೂರಾ ತಿರಿಗಿಸಿದ್ಲು. ಇದ್ದ ಅಂಗಡಿ ಬಿಡಲಿಲ್ಲ. ಸಿಕ್ಕಿದ್ದೆಲ್ಲಾ ಸಣ್ಣದಂತ!"

"ಎಷ್ಟು ದೊಡ್ಡದು ಬೇಕಂತವ್ವ?" ಎಂದೆ.

"ಮೊಬೈಲಿನಾಗ ತೋರ್ಸ್ಯಾಳ್ರಿ. ಒಂದೊಂದು ತೋಳು ತಲಿದಿಂಬಿನಷ್ಟ ಐತ್ರಿ!"

"ಯಾಕೆ ಬೇಕಂತೆ?"

"ಯಾಕಂದ್ರ ಏನ್ ಹೇಳ್ಲಿರಿ ಅಜ್ಜಾರ? ಹುಚ್ಚು! ಇವತ್ತಿನ ಪ್ರವಚನದಾಗ ಈ ಫ್ಯಾಷನ್‌ಗೆ ಛಲೋತ್ನ್ಯಾಗಿ ಬೈದ್ಬಿಡ್ರಿ."

ಬೈಯುವುದು ನನಗೆ ಕಷ್ಟದ ಕೆಲಸವಲ್ಲ. ನಿಮಗೂ ಗೊತ್ತು. ಆದರೆ ಏನು ಮಾಡಲಿ, ಬೈಯುವ ಮನಸ್ಸಾಗಲಿಲ್ಲ, ಕುತೂಹಲವಾಯಿತು. ತಲೆದಿಂಬಿನಷ್ಟು ತೋಳು! ಮನುಷ್ಯನಿಗೆ ತೋಳು ಯಾಕೆ ದೊಡ್ಡದಿರಬೇಕು? ಕೈ ಎಲ್ಲರಿಗೂ ಇಷ್ಟೇ ದಪ್ಪ. ಉಳಿದ ಜಾಗದಲ್ಲಿ ಏನಿಡುತ್ತಾರೆ? ಇದನ್ನೇ ಯೋಚಿಸುತ್ತ ಪೂಜೆಗೆ ಕುಳಿತೆ. ಪೂಜೆಯಲ್ಲೂ ತೋಳೇ ಬಂತು. ಆಗ ಒಂದು ಕಥೆ ಹೊಳೆಯಿತು. ದಾನ ಗೀನ ನಾಳೆ ನೋಡೋಣ, ಇವತ್ತು ತೋಳು.

ಒಬ್ಬ ಶ್ರೀಮಂತ. ಊರು ಯಾವುದು ಎಂದು ಕೇಳಬೇಡಿ. ಊರು ಹೇಳಿದರೆ ನಿಮ್ಮ ಬೀಗರ ಬೀಗರು ಅಲ್ಲಿ ಇರುತ್ತಾರೆ, ನನ್ನ ಕಥೆ ಬಿಟ್ಟು ಅವರ ಕಥೆ ಶುರುವಾಗುತ್ತದೆ. ಒಂದು ಪೇಟೆ ಊರು, ಅಲ್ಲೊಬ್ಬ ಶ್ರೀಮಂತ, ಸಾಕು. ಅವನದು ಬಟ್ಟೆ ಅಂಗಡಿ. ಕೆಳಗೆ ಸೀರೆ, ಮೇಲೆ ಪ್ಯಾಂಟು ಶರ್ಟು, ಅದರ ಮೇಲೆ ಹಾಸಿಗೆ ಪರದೆ. ಮದುವೆ ನಿಶ್ಚಯವಾದವರೆಲ್ಲ ಮೊದಲು ಅವನ ಅಂಗಡಿಯ ಮೆಟ್ಟಿಲು ಹತ್ತಬೇಕು. ಮನೆಯವರೆಲ್ಲ ಅಂಗಡಿಯವರೇ. ಅವನ ತಮ್ಮ ದುಡ್ಡಿನ ಗಲ್ಲೆಯ ಮೇಲೆ, ತಮ್ಮನ ಹೆಂಡತಿ ಸೀರೆಯ ಕಡೆ. ಊಟಕ್ಕೆ ಕುಳಿತರೂ ಆ ಮನೆಯಲ್ಲಿ ಜರಿ, ಸೆರಗು, ಅಂಚು, ಇದೇ ಮಾತು.

ಈ ಬಟ್ಟೆ ಅಂಗಡಿಗೆ ಮೊದಲು, ಹರೆಯದಲ್ಲಿ, ಅವನು ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸಿ ಎತ್ತಿನ ವ್ಯಾಪಾರ ಕುದುರಿಸುವ ಕೆಲಸ. ಅಂಗಡಿ ಕೈ ಹಿಡಿದ ಮೇಲೆ ಸಂತೆಯ ಮಾತೇ ಎತ್ತಲಿಲ್ಲ. ನೀವು ಇದನ್ನು ಸ್ವಲ್ಪ ನೆನಪಿನಲ್ಲಿಡಿ. ಅಗೋ, ದುಂಡಪ್ಪ ಎದ್ದು ಕುಳಿತರು! ದೇವರು ಎಂದರೆ ನಿದ್ದೆ, ದನದ ಸಂತೆ ಎಂದರೆ ಎಚ್ಚರ. ಇರಲಿ. ಕುಳಿತಿರಿ, ಆದರೆ ಬಾಯಿ ಬಿಡಬೇಡಿ.

ಒಂದು ದಿನ ಈ ಶ್ರೀಮಂತನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಬಲಗಾಲು ಬಿತ್ತು, ಬಾಯಿ ಒಂದು ಕಡೆ ಸೊಟ್ಟಗಾಯಿತು, ಮಾತು ನಿಂತಿತು. ಬುದ್ಧಿ? ಬುದ್ಧಿ ಮೊದಲಿನಷ್ಟೇ ಚೂಪು. ಕಿವಿ ಸರಿ, ಕಣ್ಣು ಸರಿ. ಎಡಗೈ ಸರಿ, ಅದರಲ್ಲಿ ಬರೆಯಲು ಮಾತ್ರ ಬಾರದು. ಒಳಗೆ ಮನುಷ್ಯ ಪೂರ್ತಿ ಇದ್ದಾನೆ, ಹೊರಗೆ ಬರಲು ದಾರಿಯಿಲ್ಲ.

ಇನ್ನು ನೋಡಲು ಬರುವವರು! ನಮ್ಮಲ್ಲಿ ಕಾಯಿಲೆ ಮನುಷ್ಯನನ್ನು ನೋಡಲು ಹೋಗುವುದು ಹೇಗೆ ಎಂದು ನಾನು ನಿಮಗೆ ಹೇಳಬೇಕೇ? ಬಾಳೆಹಣ್ಣು ಹಿಡಿದು ಹೋಗುವುದು, ಮಂಚದ ಸುತ್ತ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳುವುದು, ಚಹಾ ಕುಡಿಯುವುದು. ಮಾತು ನಿಂತಿದೆ ಎಂದರೆ ಕಿವಿಯೂ ಕೇಳುವುದಿಲ್ಲ ಎಂದುಕೊಂಡು ಕೂಗುವುದು. "ಗುರುತು ಸಿಕ್ತೇನ್ರೀ ಸಾಹುಕಾರ? ನಾನು ಯಾರು ಹೇಳ್ರಿ ನೋಡೂಣು!" ಮಾತು ಬಾರದವನಿಗೆ ಹೇಳಿ ಎನ್ನುತ್ತಾರಲ್ಲ, ಇವರಿಗೆ ಏನನ್ನಬೇಕು? ಇನ್ನೊಬ್ಬರು ಹೆಂಡತಿಯನ್ನು ಕೇಳುತ್ತಾರೆ, ಅವನ ಎದುರಿಗೇ ಕೇಳುತ್ತಾರೆ, "ಬಹಿರ್ದೆಸಿಗೆ ಹ್ಯಾಂಗ? ಹಾಸಿಗ್ಯಾಗ ಆಗತೈತೇನು?" ಇಡೀ ಪೇಟೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ ಮನುಷ್ಯ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದ.

ಹೆಂಡತಿ ಒಳ್ಳೆಯವಳು. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಕಥೆ ಮುಂದೆ ಹೋದ ಹಾಗೆ ನೀವು ಅವಳನ್ನು ತಪ್ಪಿತಸ್ಥಳನ್ನಾಗಿ ಮಾಡಲು ನೋಡುತ್ತೀರಿ. ನುಚ್ಚಿನ ಗಂಜಿ ಮಾಡಿ, ಬಂದವರ ಮುಂದೆಯೇ ಅವನ ತಲೆ ಎತ್ತಿ, ಚಮಚದಿಂದ ಕುಡಿಸುತ್ತಿದ್ದಳು. ಸೊಟ್ಟ ಬಾಯಿ. ಅರ್ಧ ಒಳಗೆ, ಅರ್ಧ ಗದ್ದದ ಮೇಲೆ. ಅವಳು ಸೆರಗಿನಿಂದ ಒರೆಸುತ್ತಿದ್ದಳು. ಸುತ್ತ ಕುಳಿತವರು "ಅಯ್ಯ ಶಿವನ, ಎಂಥಾ ಮನಷ್ಯಾಗ ಎಂಥಾ ಗತಿ" ಎಂದು ಲೊಚಗುಟ್ಟುತ್ತಿದ್ದರು.

ಒಂದು ದಿನ ಅವನು ಬಾಯಿ ಬಿಗಿದ. ಚಮಚ ತುಟಿಯ ಹತ್ತಿರ ಬಂತು, ಬಾಯಿ ತೆರೆಯಲಿಲ್ಲ. ಹಾಲು ತಂದರು, ಇಲ್ಲ. ಹಣ್ಣಿನ ರಸ, ಇಲ್ಲ. ಹಗಲೆಲ್ಲ ನಾಲ್ಕು ಗುಟುಕು ನೀರು, ಅದೂ ಒತ್ತಾಯಕ್ಕೆ. ಡಾಕ್ಟರರು ಬಂದು ಗಂಟಲು ನೋಡಿದರು. "ನುಂಗಾಕ ಬರತೈತ್ರೀ ಅಕ್ಕಾರ, ಗಂಟಲಿಗೆ ಏನೂ ಆಗಿಲ್ಲ. ಅವರ ನುಂಗವಲ್ಲರು. ಹಿಂಗ ಬಿಟ್ರ ಮನಷ್ಯಾ ದಕ್ಕೂದಿಲ್ಲ," ಎಂದರು. ನೋಡಿ, ಇದು ಪ್ರಶ್ನೆ. ಉಣ್ಣಲು ಬರುತ್ತದೆ, ಉಣ್ಣುವುದಿಲ್ಲ. ಯಾಕೆ?

ಆಗ ಅವನು ಒಂದು ಸನ್ನೆ ಶುರುಮಾಡಿದ. ಚೆನ್ನಾಗಿ ಕೇಳಿ, ಇಡೀ ಕಥೆ ಈ ಸನ್ನೆಯಲ್ಲಿದೆ. ಎಡಗೈಯನ್ನು ಬಾಯಿಯ ಹತ್ತಿರ ತರುತ್ತಿದ್ದ. ಅಂಗಿಯ ತೋಳಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ. ಎಳೆದು ಎಳೆದು ಬೆರಳು ಮುಚ್ಚುವ ಹಾಗೆ ಮಾಡುತ್ತಿದ್ದ. ಮುಚ್ಚಿದ ಆ ಕೈಯನ್ನು ಎದುರಿಗೆ ಇದ್ದವರ ಕಡೆ ಚಾಚುತ್ತಿದ್ದ. ಚಾಚಿ, ಅವರ ಮುಖ ನೋಡುತ್ತಿದ್ದ. ಅಷ್ಟರಲ್ಲಿ ತೋಳು ಜಾರಿ ಮತ್ತೆ ಮಣಿಕಟ್ಟಿಗೆ ಬರುತ್ತಿತ್ತು.

ಏನು ಇದರ ಅರ್ಥ? ಹೇಳಿ. ನೀವು ಅಲ್ಲಿದ್ದರೆ ಏನು ತಿಳಿಯುತ್ತಿದ್ದಿರಿ?

ಆ ಮನೆಯವರಿಗೆ ಕೂಡಲೇ ತಿಳಿಯಿತು. ಬಟ್ಟೆ ಅಂಗಡಿಯ ಮನೆಯಲ್ಲವೇ! ಅವನ ತಮ್ಮ ತೊಡೆ ತಟ್ಟಿ ಅತ್ತಿಗೆಗೆ ಹೇಳಿದ, "ವೈನೀ, ತಿಳೀತು ಬಿಡ್ರಿ! ಅಣ್ಣಗ ತೋಳು ಸಣ್ಣದಾಗೈತಿ. ದೊಡ್ಡ ತೋಳಿನ ಅಂಗಿ ಕೇಳಾಕತ್ತಾನ!"

ಎಲ್ಲರಿಗೂ ಖುಷಿ. ಇಷ್ಟು ದಿನದ ಮೇಲೆ ಬಾಯಿಲ್ಲದ ಮನುಷ್ಯ ಏನೋ ಕೇಳಿದ್ದಾನೆ, ಅದೂ ನಮ್ಮ ಅಂಗಡಿಯಲ್ಲೇ ಇರುವ ಮಾಲು. ಕೊಟ್ಟರೆ ಉಂಡಾನು. ಹೆಂಡತಿ ಆ ದಿನವೇ ಗೋದಾಮಿನ ಬೀಗ ತೆಗೆಸಿದಳು. ಇದ್ದುದರಲ್ಲಿ ಸಡಿಲ ತೋಳಿನ ಜುಬ್ಬ ಆರಿಸಿ ತಂದು ತೊಡಿಸಿದಳು. ಅವನ ಕಣ್ಣು ಅರಳಿದವು. ನಿಜವಾಗಿ ಅರಳಿದವು. ಎಡಗೈಯನ್ನು ಚಾಚಿದ. ತೋಳು ಬೆರಳಿನ ತನಕ ಬಂತು. ಅವಳು ಕೈ ಜೋಡಿಸಿ, "ಭಾಳ ಛಂದ ಕಾಣಸ್ತೀರಿ," ಎಂದಳು. ಅವನು ಇನ್ನೂ ಚಾಚಿಯೇ ಇದ್ದ. ಕಾಯುತ್ತಿದ್ದ. ಅವಳು ಗಂಜಿ ತರಲು ಒಳಗೆ ಓಡಿದಳು. ಬರುವಷ್ಟರಲ್ಲಿ ಕೈ ಕೆಳಗೆ ಬಿದ್ದಿತ್ತು, ಮುಖ ಗೋಡೆಯ ಕಡೆಗಿತ್ತು.

"ಇನ್ನೂ ಸಣ್ಣದಾತೇನೋ," ಎಂದಳು ಹೆಂಡತಿ.

ಶುರುವಾಯಿತು ನೋಡಿ ಹುಡುಕಾಟ! ದರ್ಜಿಯನ್ನು ಮನೆಗೇ ಕರೆಸಿದರು. ಅವನು ಟೇಪು ಹಿಡಿದು, "ಎಷ್ಟು ಅಗಲ ಇಡ್ಲಿ ಅಕ್ಕಾರ?" ಎಂದ. "ಅವರು ಸಾಕು ಅನ್ನೂಮಟ ಇಡು," ಎಂದಳು. ದರ್ಜಿಗೆ ಇದಕ್ಕಿಂತ ಬೇರೆ ಏನು ಬೇಕು? ಒಂದು ಜುಬ್ಬ ಹೊಲಿದ, ತೋಳಿನಲ್ಲಿ ಸೇರು ಜೋಳ ಹಿಡಿಯುತ್ತಿತ್ತು. ಮತ್ತೊಂದು ಹೊಲಿದ, ಅದರಲ್ಲಿ ಬೆಕ್ಕು ಹೊಕ್ಕು ಮರಿ ಹಾಕಬಹುದಿತ್ತು. ಪ್ರತಿಸಲವೂ ಅದೇ. ತೊಡಿಸಿದಾಗ ಕಣ್ಣು ಅರಳುವುದು, ಕೈ ಚಾಚುವುದು, ಕಾಯುವುದು, ಎಲ್ಲರೂ ದೂರ ನಿಂತು ಹೊಗಳುವುದು, ಅವನು ಗೋಡೆಯ ಕಡೆ ತಿರುಗುವುದು. ಮತ್ತೆ ಹುಡುಕುವುದು.

ಪಕ್ಕದ ಊರಿನಿಂದ ಖಾದಿ ನಿಲುವಂಗಿ ತರಿಸಿದರು. ನಾಟಕ ಕಂಪನಿಯವರ ಹತ್ತಿರ ಹೋಗಿ ರಾಜನ ಪಾತ್ರದ ಅಂಗಿ ಎರವಲು ತಂದರು, ಜರಿ ಸಮೇತ, ಮುಖಕ್ಕೆ ಬಳಿದ ಬಣ್ಣದ ವಾಸನೆ ಸಮೇತ. ಒಬ್ಬ ವಕೀಲರು ತಮ್ಮ ಕರಿ ಗೌನು ಕೊಟ್ಟು ಕಳಿಸಿದರು. ಪಾಪ, ಲಕ್ವಾ ಹೊಡೆದ ಮನುಷ್ಯ ಒಂದು ದಿನ ರಾಜ, ಒಂದು ದಿನ ವಕೀಲ. ನಗಬೇಡಿ. ನಗಿ, ಪರವಾಗಿಲ್ಲ. ಆ ಮನೆಯವರೂ ನಗುವವರೇ, ಆದರೆ ದಿನದಿಂದ ದಿನಕ್ಕೆ ಅವನ ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. ಜುಬ್ಬದ ತೋಳು ದೊಡ್ಡದಾಗುತ್ತ ಹೋಯಿತು, ಒಳಗಿನ ಕೈ ಸಣ್ಣದಾಗುತ್ತ ಹೋಯಿತು.

ಇತ್ತ ಊರಿನ ಕಥೆ ಕೇಳಿ. ಶ್ರೀಮಂತರು ಏನು ಮಾಡಿದರೂ ಅದಕ್ಕೊಂದು ಅರ್ಥ ಇರುತ್ತದೆ ಎಂದು ಊರು ನಂಬುತ್ತದೆ. ಒಬ್ಬ ಹೇಳಿದ, "ಏನೋ ಹರಕಿ ಇರಬೇಕು." ಇನ್ನೊಬ್ಬ ಹೇಳಿದ, "ಹರಕಿ ಅಲ್ಲೋ, ತೋಳಿನಾಗ ಗಾಳಿ ಆಡಿದ್ರ ಲಕ್ವಾ ಇಳೀತೈತಂತ." ಮರುವಾರ ಊರಿನ ಹುಡುಗರು ದೊಡ್ಡ ತೋಳಿನ ಜುಬ್ಬ ಹೊಲಿಸಿದರು. ಹೆಣ್ಣುಮಕ್ಕಳ ಜಂಪರಿನ ತೋಳು ಉಬ್ಬಿದವು. ಒಬ್ಬ ಮದುಮಗ ಅಕ್ಷತೆಯ ಹೊತ್ತಿಗೆ ಕೈ ಎತ್ತಿದರೆ ತೋಳು ಹೋಗಿ ಮಂತ್ರ ಹೇಳುತ್ತಿದ್ದ ಅಯ್ಯನವರ ಮುಖ ಮುಚ್ಚಿತಂತೆ. ದರ್ಜಿ ಹೊಸ ಮಶೀನು ತಂದ. ಯಾರೂ ಒಂದು ಮಾತು ಕೇಳಲಿಲ್ಲ, ಅವನು ಆ ತೋಳನ್ನು ಏನು ಮಾಡುತ್ತಾನೆ ಎಂದು.

ದುಂಡಪ್ಪ ನಗುತ್ತಿದ್ದಾರೆ. ಅವರಿಗೆ ಗೊತ್ತಾಗಿದೆ! ಹೇಳಬೇಡಿ ಮಾರಾಯರೇ, ಇನ್ನು ಸ್ವಲ್ಪ ತಡೆಯಿರಿ. ಉಳಿದವರು ಹೇಗೆ ಹೇಗೆ ಮುಖ ಮಾಡಿಕೊಂಡಿದ್ದಾರೆ ನೋಡೋಣ.

ಒಂದು ದಿನ ಸಂಜೆ ಮನೆ ತುಂಬ ಜನ. ಬೀಗರು, ನೆರೆಯವರು, ಅಂಗಡಿಯ ಆಳುಗಳು. ದರ್ಜಿ ತನ್ನ ಕೊನೆಯ ಜುಬ್ಬ ತಂದಿದ್ದ. ತೋಳು ಎಂದರೆ ತೋಳು! ಮಂಚದಿಂದ ಇಳಿಬಿದ್ದು ನೆಲ ಮುಟ್ಟುತ್ತಿತ್ತು. ತೊಡಿಸಿದರು. ಅವನ ಕಣ್ಣು ಮತ್ತೆ ಅರಳಿದವು, ಈ ಸಲ ಸ್ವಲ್ಪವೇ. ಎಡಗೈ ಮೆಲ್ಲಗೆ ಮೇಲೆದ್ದಿತು. ಎದ್ದು ಹೆಂಡತಿಯ ಕಡೆ ಚಾಚಿತು.

"ಇದಕ್ಕಿಂತ ದೊಡ್ಡದು ನನ್ನ ಕೈಲೆ ಆಗೂದಿಲ್ರೀ ಅಕ್ಕಾರ," ಎಂದ ದರ್ಜಿ.

ಕೈ ಕೆಳಗಿಳಿಯಲು ಶುರುವಾಯಿತು. ಮುಖ ಗೋಡೆಯ ಕಡೆ ತಿರುಗತೊಡಗಿತು. ಆಗ ನೋಡಿ, ಆ ಹೆಂಗಸಿನ ಸಹನೆ ಹರಿಯಿತು. ಎಷ್ಟು ದಿನದಿಂದ ತಡೆದಿದ್ದಳೋ! ಗಂಜಿಯ ಬಟ್ಟಲನ್ನು ನೆಲದ ಮೇಲೆ ಕುಕ್ಕಿದಳು. ಬೀಗರ ಮುಂದೆಯೇ ಒದರಿದಳು.

"ಇನ್ನೆಷ್ಟು ದೊಡ್ಡದು ಬೇಕ್ರೀ ನಿಮಗ? ಎಲ್ಲಿಂದ ತರ್ಲಿ ನಾನು? ಉಣ್ಣವಲ್ರಿ, ತಿನ್ನವಲ್ರಿ, ನನ್ನ ಬಿಟ್ಟು ಹೊಂಟೀರಿ, ತೋಳು ಬೇಕಂತ ತೋಳು! ಇದರಾಗ ನಿಮ್ಮ ಕೈ ಅಷ್ಟ ಅಲ್ಲ, ನನ್ನ ಕೈನೂ ಹಿಡಸ್ತೈತಿ! ನೋಡ್ರಿ ಬೇಕಾರ!"

ಎಂದವಳೇ ಸಿಟ್ಟಿನಿಂದ ಆ ತೋಳಿನೊಳಗೆ ತನ್ನ ಕೈಯನ್ನು ಮೊಣಕೈ ತನಕ ತುರುಕಿದಳು.

ಒಳಗೆ ಅವನ ಕೈ ಅವಳ ಕೈಯನ್ನು ಹಿಡಿಯಿತು.

ಹಿಡಿಯಿತು ಎಂದರೆ ಸುಮ್ಮನೆ ಹಿಡಿಯಲಿಲ್ಲ. ಬೆರಳು ಹುಡುಕಿತು. ಒಂದು ಬೆರಳು ಬಿಟ್ಟು ಇನ್ನೊಂದು, ಆಮೇಲೆ ಅಂಗೈ. ಅಂಗೈಯನ್ನು ಮೆಲ್ಲಗೆ ಹೊರಗೆ ದೂಡಿತು. ಮತ್ತೆ ಹಿಡಿಯಿತು, ಮತ್ತೆ ದೂಡಿತು.

ಈಗ ಹೇಳಿ. ದನದ ಸಂತೆ ನೋಡಿದವರು ಯಾರಿದ್ದೀರಿ? ದುಂಡಪ್ಪ, ಈಗ ನೀವು ಕೈ ಎತ್ತಬಹುದು. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ಆದ ಮೇಲೆ ಏನು ಮಾಡುತ್ತಾರೆ? ಕೂಗುತ್ತಾರೆಯೇ? ಇಲ್ಲ. ಇಬ್ಬರು ಎದುರುಬದುರು ನಿಂತು ಕೈಗೆ ಕೈ ಕೊಡುತ್ತಾರೆ. ಮೇಲೆ ಟವೆಲು ಹೊದಿಸುತ್ತಾರೆ. ಟವೆಲಿನ ಕೆಳಗೆ ಬೆರಳು ಹಿಡಿದು ಮಾತು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರ್ತಿ ಕೈ ಹಿಡಿದರೆ ಐದು. ಒಪ್ಪಿಗೆಯಾದರೆ ಅದುಮುವುದು, ಇಲ್ಲವಾದರೆ ಬಿಡಿಸಿಕೊಳ್ಳುವುದು. ಅಂಗೈ ದೂಡಿದರೆ, ಇಲ್ಲಿ ಜನ ಬಹಳ, ಅತ್ತ ಹೋಗೋಣ ಎಂದು. ಹಳೆಯ ದಲ್ಲಾಳಿಗಳು ಕೆಲವರು ಟವೆಲಿನ ಗೊಡವೆಯೇ ಬೇಡ ಎಂದು ಅಗಲ ತೋಳಿನ ಅಂಗಿ ಹೊಲಿಸುತ್ತಿದ್ದರು, ಎದುರಿನವನ ಕೈಯನ್ನು ತಮ್ಮ ತೋಳಿನೊಳಗೇ ಕರೆದುಕೊಳ್ಳುತ್ತಿದ್ದರು. ಸುತ್ತ ಸಂತೆಗೆ ಸಂತೆಯೇ ನೆರೆದಿರುತ್ತದೆ, ಮೂರನೆಯವನಿಗೆ ಏನೂ ತಿಳಿಯುವುದಿಲ್ಲ.

ಯಾಕೆ ಮುಚ್ಚಿಕೊಳ್ಳುತ್ತಾರೆ? ಮೋಸಕ್ಕೆ ಎನ್ನುತ್ತಾರೆ ತಿಳಿಯದವರು. ಮೋಸಕ್ಕಲ್ಲ. ಸಾಕಿದ ಎತ್ತನ್ನು ಮಾರಲು ಬಂದವನಿಗೆ ಮನೆಯಲ್ಲಿ ಏನು ತೊಂದರೆ ಇದೆಯೋ! ಕೊಳ್ಳಲು ಬಂದವನ ಚೀಲ ಎಷ್ಟು ಸಣ್ಣದೋ! ಅದು ಇಬ್ಬರಿಗೆ ಗೊತ್ತಾದರೆ ಸಾಕು, ಸಂತೆಗೆ ಗೊತ್ತಾಗಬೇಕಿಲ್ಲ. ವ್ಯಾಪಾರ ಮುರಿದರೂ ಇಬ್ಬರೂ ತಲೆಯೆತ್ತಿಕೊಂಡು ಹೋಗಬೇಕು. ಆ ಟವೆಲು ಮುಚ್ಚುವುದು ಮನುಷ್ಯನ ಮಾನವನ್ನು.

ತಿಳಿಯಿತೇ ಈಗ? ಅವನಿಗೆ ಇದ್ದುದು ಒಂದೇ ಕೈ. ಒಂದು ಕೈಯಲ್ಲಿ ಟವೆಲು ಹೊದಿಸಿಕೊಳ್ಳಲು ಬರುವುದಿಲ್ಲ. ತೋಳನ್ನೇ ಕಚ್ಚಿ ಎಳೆದು ಮುಚ್ಚಿಕೊಂಡು, ಬನ್ನಿ, ಇದರೊಳಗೆ ಕೈ ಕೊಡಿ, ನಿಮ್ಮ ಹತ್ತಿರ ಒಂದು ಮಾತಿದೆ ಎಂದು ಚಾಚುತ್ತಿದ್ದ. ಅವರು ತೋಳು ತಂದು ಕೊಟ್ಟರು. ಒಂದರ ಮೇಲೊಂದು ಕೊಟ್ಟರು. ಕೈ ಮಾತ್ರ ಯಾರೂ ಕೊಡಲಿಲ್ಲ.

ಸರಿ, ಸಂತೆಗೆ ಹೋಗದ ಹೆಂಗಸಿಗೆ ಈ ಭಾಷೆ ಹೇಗೆ ತಿಳಿಯಿತು ಎನ್ನುತ್ತೀರಿ. ಕೇಳಿ, ಇದು ಇಲ್ಲಿರುವ ಹಿರಿಯ ತಾಯಂದಿರಿಗೆ ಗೊತ್ತು. ಹಿಂದಿನ ಕೂಡುಮನೆಯಲ್ಲಿ ಅತ್ತೆ ಮಾವನ ಎದುರು ಗಂಡ ಹೆಂಡತಿ ಮಾತನಾಡುವಂತಿರಲಿಲ್ಲ. ಇವಳು ಹೊಸದಾಗಿ ಬಂದಾಗ, ಅವನು ಸಂತೆಯಿಂದ ಬರುವಾಗ ಊಟಕ್ಕೆ ಯಾರನ್ನಾದರೂ ಕರೆತರುತ್ತಿದ್ದ. ಎಷ್ಟು ಜನ ಎಂದು ಹೇಳುವುದು ಹೇಗೆ? ಅಡುಗೆಮನೆಯ ಬಾಗಿಲಲ್ಲಿ ಹಾದು ಹೋಗುವಾಗ, ಸೆರಗಿನ ಮರೆಯಲ್ಲಿ ಅವಳ ಬೆರಳು ಹಿಡಿಯುತ್ತಿದ್ದ. ಮೂರು ಬೆರಳು ಹಿಡಿದರೆ ಮೂವರು. ಅವಳು ಒಂದು ಬೆರಳು ಬಿಡಿಸಿಕೊಂಡರೆ, ರೊಟ್ಟಿ ಕಡಿಮೆ ಇವೆ ಎಂದು. ಅಂಗೈ ದೂಡಿದರೆ, ಅತ್ತೆ ನೋಡುತ್ತಿದ್ದಾಳೆ, ಆಮೇಲೆ ಬಾ ಎಂದು. ಅದೆಷ್ಟು ನಗು, ಅದೆಷ್ಟು ಮಾತು ಆ ಬೆರಳುಗಳಲ್ಲಿ! ಆಮೇಲೆ ಸಂಪತ್ತು ಬಂತು, ಸ್ವಂತ ಕೋಣೆ ಬಂತು, ಬಾಗಿಲು ಹಾಕಿಕೊಂಡು ಎಷ್ಟು ಬೇಕಾದರೂ ಮಾತನಾಡಬಹುದು. ಹೀಗಾಗಿ ಬೆರಳಿನ ಮಾತು ಬಿಟ್ಟೇಹೋಯಿತು. ಅವಳಿಗೆ ಗೊತ್ತಿತ್ತು, ಮರೆತಿದ್ದಳು.

ತೋಳಿನೊಳಗೆ ಅಂಗೈಯನ್ನು ಮೂರನೆಯ ಸಲ ದೂಡಿದಾಗ ನೆನಪಾಯಿತು. ಕಣ್ಣಲ್ಲಿ ದಳದಳ ನೀರು. ಒಳಗಿನ ಕೈಯನ್ನು ಬಿಡದೆ, ಸುತ್ತಲಿನವರ ಕಡೆ ತಿರುಗಿದಳು.

"ಎಲ್ಲಾರೂ ಹೊರಗ ನಡೀರಿ."

"ಯಾಕ ವೈನೀ, ಏನಾತು?" ಎಂದ ಮೈದುನ.

"ಹೊರಗ ನಡೀರಿ ಅಂದ್ನೆಲ್ಲ! ಚಹಾ ಹೊರಗ ಕುಡೀರಿ. ಬಾಗ್ಲಾ ಮುಂದ ಮಾಡ್ಕೊಂಡು ಹೋಗ್ರಿ."

ಹೋದರು. ಬೀಗರು ಮುಖ ಊದಿಸಿಕೊಂಡು ಹೋದರು, ಆದರೂ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು.

ಅವಳು ನೆಲದ ಮೇಲಿದ್ದ ಬಟ್ಟಲನ್ನು ಎತ್ತಿ ಹತ್ತಿರ ಇಟ್ಟುಕೊಂಡಳು. ತೋಳಿನೊಳಗೆ ಅವನ ಕೈ ಪೂರ್ತಿ ಹಿಡಿದಳು. ಐದು ಚಮಚ. ಅವನು ಬಿಡಿಸಿಕೊಂಡ. ಅವಳ ಒಂದೇ ಒಂದು ಬೆರಳು ಹಿಡಿದ. ಒಂದು. ಅವಳು ತಲೆಯಾಡಿಸಿದಳು, ನಾಲ್ಕು ಹಿಡಿದಳು. ಅವನು ಎರಡು ಹಿಡಿದ. ಪಕ್ಕಾ ದಲ್ಲಾಳಿ ನೋಡಿ, ಸಾಯುವಾಗಲೂ ಚೌಕಾಸಿ! ಅವಳು ನಾಲ್ಕನ್ನು ಬಿಡಲಿಲ್ಲ. ಅವನು ಹುಬ್ಬು ಏರಿಸಿದ. ಅವಳೂ ಏರಿಸಿದಳು. ಬಹಳ ಹೊತ್ತು ಹೀಗೇ ಜಗ್ಗಾಡಿದರು. ಕೊನೆಗೆ ಅವನು ಮೂರು ಹಿಡಿದು ಅದುಮಿದ. ಅವಳೂ ಅದುಮಿದಳು. ವ್ಯಾಪಾರ ಮುಗಿಯಿತು.

ಬಾಯಿ ತೆರೆದ.

ಗಂಜಿ ಗದ್ದಕ್ಕೆ ಸೋರಿತು. ಸೋರಲಿ, ನೋಡುವವರು ಯಾರೂ ಇರಲಿಲ್ಲ. ಅವಳು ಒರೆಸಿದಳು. ಮೂರು ಚಮಚವಾದ ಮೇಲೆ ಅವನು ತಾನಾಗಿಯೇ ಅವಳ ಇನ್ನೊಂದು ಬೆರಳು ಹಿಡಿದ. ಕೊಸರು! ನಾವು ತರಕಾರಿಯವಳ ಹತ್ತಿರ ಕೇಳುವುದಿಲ್ಲವೇ, ಮೇಲೊಂದು ಹಾಕು ಎಂದು? ಹಾಗೆ. ಅವಳು ಅಳುತ್ತ ನಕ್ಕಳು. ಅವನೂ ಸೊಟ್ಟ ಬಾಯಲ್ಲೇ ನಕ್ಕ. ಲಕ್ವಾ ಹೊಡೆದ ಮೇಲೆ ಅದೇ ಅವನ ಮೊದಲ ನಗು.

ಅಲ್ಲಿಗೆ ಉತ್ತರ ಸಿಕ್ಕಿತಲ್ಲ, ಯಾಕೆ ಉಣ್ಣುತ್ತಿರಲಿಲ್ಲ ಎಂದು. ಗಂಟಲಿನ ರೋಗವಲ್ಲ, ಕುರ್ಚಿಯ ರೋಗ. ಮಂಚದ ಸುತ್ತ ಇದ್ದವಲ್ಲ, ಆ ಕುರ್ಚಿಗಳು. ಹರೆಯವೆಲ್ಲ ಇನ್ನೊಬ್ಬರ ಮಾನವನ್ನು ಟವೆಲಿನ ಕೆಳಗೆ ಮುಚ್ಚಿ ಕಾಪಾಡಿದ ಮನುಷ್ಯ. ಅವನದು ಹಾಡುಹಗಲಲ್ಲಿ, ಬೀಗರ ಮುಂದೆ, ಗದ್ದದ ಮೇಲೆ ಸೋರುತ್ತಿತ್ತು. ಹೀಗೆ ಉಣ್ಣುವುದಕ್ಕಿಂತ ಹಸಿದು ಸಾಯುವುದೇ ಮೇಲು ಎಂದುಕೊಂಡಿದ್ದ.

ದಿನಕಳೆದಂತೆ ಮನುಷ್ಯ ಚೇತರಿಸಿಕೊಂಡ. ಮಾತು ಬರಲಿಲ್ಲ, ಕೋಲು ಹಿಡಿದು ಅಂಗಳಕ್ಕೆ ಬರುವಷ್ಟಾದ. ಊರೆಲ್ಲ ಏನು ಔಷಧ ಎಂದು ಕೇಳಿತು. ದರ್ಜಿ ಎದೆ ಉಬ್ಬಿಸಿ, "ನನ್ನ ತೋಳಿನ ಅಳತಿ ಅದು, ಕಡೀಕ ಬರೋಬ್ಬರಿ ಕುಂತ್ತು," ಎಂದು ಹೇಳಿಕೊಂಡು ತಿರುಗಿದ. ನಿಜವೆಂದರೆ ಆ ದೊಡ್ಡ ಜುಬ್ಬಗಳನ್ನೆಲ್ಲ ಅವಳು ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದ್ದಳು. ಹಳೆಯ ಟವೆಲೊಂದು ಸಾಕಾಗಿತ್ತು. ಹೊದಿಸುವ ಕೈ ಅವಳದಿತ್ತಲ್ಲ. ದಿನಾ ಊಟದ ಹೊತ್ತಿಗೆ ಬಾಗಿಲು ಮುಚ್ಚುತ್ತಿತ್ತು.

ಮೈದುನನಿಗೆ ತಡೆಯಲಾಗಲಿಲ್ಲ. ಒಂದು ದಿನ ಕೇಳಿಯೇಬಿಟ್ಟ. "ವೈನೀ, ಅಲ್ಲಿ ಒಳಗ ಅಣ್ಣ ಏನ್ ಹೇಳ್ತಾನ್ರಿ?"

ಅವಳು ಹೇಳಿದಳು, "ಅದು ನಮ್ಮಿಬ್ಬರ ವ್ಯಾಪಾರ."

ಕಥೆ ಮುಗಿಯಿತು. ಈಗ ನಿಮ್ಮ ಪಾಳಿ. ಏಳಬೇಡಿ, ಕುಳಿತುಕೊಳ್ಳಿ, ಕಥೆ ಕೇಳಿ ಓಡಿಹೋಗಲು ಇದು ನಾಟಕವಲ್ಲ. ಆ ಮನೆಯವರು ದಡ್ಡರೇ? ಅಲ್ಲ. ಪ್ರೀತಿ ಇಲ್ಲದವರೇ? ಅಲ್ಲವೇ ಅಲ್ಲ. ಅವರು ಮಾಡಿದ ತಪ್ಪು ಒಂದೇ. ಕೇಳುವ ಮೊದಲು ತಿಳಿದುಕೊಂಡುಬಿಟ್ಟರು. ತಮ್ಮ ಅಂಗಡಿಯಲ್ಲಿ ಏನಿತ್ತೋ ಅದನ್ನೇ ಅವನು ಕೇಳುತ್ತಿದ್ದಾನೆ ಎಂದುಕೊಂಡರು. ನೀವು ಹಾಗೆ ಮಾಡುವುದಿಲ್ಲವೇ? ಸಂಬಳ ತರುವವನು ಹೆಂಡತಿ ಮುಖ ಸಪ್ಪಗೆ ಮಾಡಿದರೆ ಸೀರೆ ತರುತ್ತಾನೆ. ಅಡುಗೆ ಬಲ್ಲವಳು ಗಂಡ ಮೂಲೆ ಹಿಡಿದರೆ ಹೋಳಿಗೆ ಮಾಡುತ್ತಾಳೆ. ಉಪದೇಶ ಬಲ್ಲ ನಮ್ಮಂಥವರು, ಯಾರಾದರೂ ಅತ್ತರೆ, ತಕ್ಷಣ ಉಪದೇಶ! ಎದುರಿನವನು ಕೈ ಚಾಚಿರುತ್ತಾನೆ, ನಾವು ಅಳತೆ ತೆಗೆಯುತ್ತಿರುತ್ತೇವೆ.

ಆದ್ದರಿಂದ ನಾಳೆಯಿಂದ ಏನು ಮಾಡಬೇಕು? ದೊಡ್ಡದು ಏನೂ ಬೇಡ. ಕಾಯಿಲೆಯವರನ್ನು ನೋಡಲು ಹೋದರೆ ಚಪ್ಪಲಿಯ ಜೊತೆ ನಿಮ್ಮ ಗಟ್ಟಿ ದನಿಯನ್ನೂ ಹೊರಗೆ ಬಿಡಿ. ಅವರ ಎದುರು ಅವರ ವಿಷಯವನ್ನು ಇನ್ನೊಬ್ಬರಿಗೆ ಕೇಳಬೇಡಿ. ಊಟದ ಬಟ್ಟಲು ಬಂದ ಕೂಡಲೇ, "ನಾವು ಹೊರಗ ಕೂಡ್ತೀವಿ" ಎಂದು ಎದ್ದು ಬನ್ನಿ, ಯಾರಾದರೂ ಹೇಳುವ ತನಕ ಕಾಯಬೇಡಿ. ಮನೆಯಲ್ಲಿ ಮಾತು ಕಡಿಮೆಯಾದವರು ಯಾರಾದರೂ ಇದ್ದರೆ, ಲಕ್ವಾ ಹೊಡೆದೇ ಮಾತು ನಿಲ್ಲಬೇಕೆಂದಿಲ್ಲ, ಚೆನ್ನಾಗಿ ಇದ್ದವರದೂ ನಿಲ್ಲುತ್ತದೆ, ಅವರ ಪಕ್ಕ ಹೋಗಿ ಕುಳಿತುಕೊಳ್ಳಿ. ಕೈಯಲ್ಲಿ ಏನೂ ಹಿಡಿದುಕೊಂಡು ಹೋಗಬೇಡಿ. ಕೈಯಲ್ಲಿ ಏನಾದರೂ ಇದ್ದರೆ ಅವರ ಕೈ ಹಿಡಿಯಲು ಬರುವುದಿಲ್ಲ. ಅವರು ಹೇಳಿದ್ದು ನಿಮ್ಮ ಹತ್ತಿರವೇ ಉಳಿಯಲಿ, ಅಕ್ಕನಿಗೂ ಬೇಡ, ತಂಗಿಗೂ ಬೇಡ, ಫೋನಿಗಂತೂ ಬೇಡವೇ ಬೇಡ.

ಇನ್ನು, ಮಧ್ಯಾಹ್ನ ಬಂದಿದ್ದ ತಾಯಿ. ಯಾರೂ ತಿರುಗಬೇಡಿ! ತಾಯೀ, ನಿಮ್ಮ ಮಗಳು ತಲೆದಿಂಬಿನಷ್ಟು ತೋಳು ಹುಡುಕುತ್ತ ಪೇಟೆಯೆಲ್ಲ ತಿರುಗಿದ್ದಾಳೆ. ಬರೀ ಚೆಂದಕ್ಕೆ ಇರಬಹುದು. ಇದ್ದರೆ ಇರಲಿ, ಮದುವೆಮನೆಯಲ್ಲಿ ಒಂದು ಚೆಂದ ಹೆಚ್ಚಾದರೆ ಯಾರ ಗಂಟು ಹೋಗುತ್ತದೆ? ಅಥವಾ ಬೇರೆ ಏನೋ ಇರಬಹುದು. ಅಕ್ಕ ಹೋಗುತ್ತಾಳೆ ಎಂಬ ಸಂಕಟವೋ, ತನ್ನನ್ನೂ ಜನ ನೋಡಲಿ ಎಂಬ ಆಸೆಯೋ, ಮುಚ್ಚಿಕೊಳ್ಳಬೇಕಾದ ಏನಾದರೂ ಕೈಯ ಮೇಲೆ ಇದೆಯೋ. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಹುಚ್ಚು ಎಂದಿರಿ, ಯಾಕವ್ವ ಎಂದು ಕೇಳಲಿಲ್ಲ. ಇವತ್ತು ಮನೆಗೆ ಹೋಗಿ, ಯಾರೂ ಇಲ್ಲದಾಗ ಅವಳ ಪಕ್ಕ ಕುಳಿತು, ಕೈ ಹಿಡಿದು ಕೇಳಿ. ಅವಳು ಏನು ಹೇಳುತ್ತಾಳೋ ಎಂದು ನನಗೆ ಬಹಳ ಕುತೂಹಲವಿದೆ, ಸುಳ್ಳು ಯಾಕೆ ಹೇಳಲಿ.

ಆದರೂ ನಾಳೆ ಬಂದು ನನಗೆ ಹೇಳಬೇಡಿ. ಅದು ನಿಮ್ಮಿಬ್ಬರ ವ್ಯಾಪಾರ.